ಹಿಮದ ನಾಡಿನಲ್ಲಿ ಕತ್ತಾಳೆ

ಬಯಲುಸೀಮೆಯ ಹೊಲದ ಬೇಲಿಯಲ್ಲಿ ಕತ್ತಾಳೆಯನ್ನು ಕಾಣದವರುಂಟೆ? ನೀರೆರೆಯುವವರಿಲ್ಲ, ಗೊಬ್ಬರ ಹಾಕುವವರಿಲ್ಲ. ಆದರೂ ಕತ್ತಿಯಂಥ ಎಲೆಗಳನ್ನು ಚಾಚಿ ಅದು ಬಿಸಿಲಿಗೆ ಎದೆಯೊಡ್ಡಿ ನಿಂತಿರುತ್ತದೆ. ಇಂಥ ಗಿಡವನ್ನು ಬಯಲಿನಲ್ಲಿ ಬೆಳೆಸಲು ಇಂಗ್ಲೆಂಡಿನ ಒಂದು ಮನೆತನ ತಲೆಮಾರುಗಳ ಕಾಲ ಶ್ರಮಿಸಿತೆಂದರೆ ನಮ್ಮ ರೈತನಿಗೆ ನಗು ಬಂದೀತು.

ಕತ್ತಾಳೆಯ ತವರು ಮೆಕ್ಸಿಕೊ. ಕಡಲು ದಾಟಿ ನಮ್ಮಲ್ಲಿಗೆ ಬಂದಂತೆಯೇ ಅದು ಯೂರೋಪಿಗೂ ಹೋಯಿತು. ಆದರೆ ಅಲ್ಲಿನ ಚಳಿಗೆ ಅಂಜಿದ ಸಿರಿವಂತರು ಅದನ್ನು ಕುಂಡದಲ್ಲಿಟ್ಟು, ಚಳಿಗಾಲದಲ್ಲಿ ಗಾಜಿನ ಮನೆಯೊಳಗೆ ಕಾಪಾಡುತ್ತಿದ್ದರು. ಅದನ್ನೂ ಅದರಂಥ ಇತರ ಗಿಡಗಳನ್ನೂ ನೆಲದಲ್ಲಿಯೇ ಊರಿ ಬೆಳೆಸಿದ ಸ್ಥಳಗಳಲ್ಲಿ ಟ್ರೆಸ್ಕೊ ದ್ವೀಪದ ತೋಟ ಪ್ರಸಿದ್ಧವಾದುದು.

ಕಾರ್ನ್‌ವಾಲಿನ ತುದಿಯಿಂದ ಸುಮಾರು 45 ಕಿಲೋಮೀಟರು ದೂರದಲ್ಲಿ, ಅಟ್ಲಾಂಟಿಕ್ ಸಾಗರದಲ್ಲಿ ಸಿಲಿ ದ್ವೀಪಗಳಿವೆ. ಟ್ರೆಸ್ಕೊ ಅವುಗಳಲ್ಲೊಂದು. ಬೆಂಗಳೂರು 13ನೆಯ ಅಕ್ಷಾಂಶದಲ್ಲಿದ್ದರೆ ಈ ದ್ವೀಪವಿರುವುದು 50ರ ಸಮೀಪದಲ್ಲಿ. ಆದರೂ ಸುತ್ತಲಿನ ಸಾಗರದ ಬೆಚ್ಚನೆಯ ಪ್ರವಾಹ ಅಲ್ಲಿನ ಚಳಿಯನ್ನು ಮಿತಗೊಳಿಸುತ್ತದೆ. 1834ರಲ್ಲಿ ಅಗಸ್ಟಸ್ ಸ್ಮಿತ್ ಎಂಬಾತ ಈ ದ್ವೀಪಗಳನ್ನು ಗುತ್ತಿಗೆಗೆ ಪಡೆದು, ಪುರಾತನ ಕ್ರೈಸ್ತ ಮಠವೊಂದರ ಪಾಳುಗೋಡೆಗಳ ಬಳಿ ತೋಟ ಕಟ್ಟತೊಡಗಿದ.

ಕತ್ತಾಳೆಗೆ ಶತ್ರು ಚಳಿಯೊಂದೇ ಅಲ್ಲ, ಚಳಿಯೊಡನೆ ಸೇರಿದ ತೇವ. ಬರಗಾಲಕ್ಕೆಂದು ಎಲೆಯಲ್ಲಿ ಕೂಡಿಟ್ಟ ನೀರೇ ಇಲ್ಲಿ ಅದಕ್ಕೆ ಮುಳುವಾಗುತ್ತದೆ. ಆ ನೀರು ಹೆಪ್ಪುಗಟ್ಟಿದರೆ ಎಲೆಯ ಜೀವಕೋಶಗಳು ಒಡೆಯುತ್ತವೆ. ಬುಡದಲ್ಲಿ ಮಳೆನೀರು ನಿಂತರೆ ಬೇರು ಕೊಳೆಯುತ್ತದೆ. ಬೇರು ಒಣಗಿದ್ದರೆ ಕೆಲವು ಡಿಗ್ರಿಗಳಷ್ಟು ಹಿಮವನ್ನು ಅದು ಸಹಿಸಬಲ್ಲುದು. ಆದುದರಿಂದಲೇ ಶೀತದೇಶದ ತೋಟಗಾರರು ಇದಕ್ಕೆ ದಕ್ಷಿಣಾಭಿಮುಖವಾದ ಇಳಿಜಾರನ್ನು ಹುಡುಕುತ್ತಾರೆ. ಮಣ್ಣಿಗೆ ಕಲ್ಲು, ಜಲ್ಲಿ ಬೆರೆಸುತ್ತಾರೆ. ಸುಳಿಯಲ್ಲಿ ನೀರು ನಿಲ್ಲದಂತೆ ಗಿಡವನ್ನು ತುಸು ಓರೆಯಾಗಿ ನೆಡುತ್ತಾರೆ. ಹಗಲಿನ ಬಿಸಿಲನ್ನು ಹೀರಿದ ಕಲ್ಲುಗೋಡೆ ರಾತ್ರಿ ಆ ಶಾಖವನ್ನು ಗಿಡಕ್ಕೆ ಹಿಂದಿರುಗಿಸುತ್ತದೆ.

ಟ್ರೆಸ್ಕೊದ ಗುಡ್ಡದಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಇಂಥ ತಾಣಗಳು ಸಿದ್ಧವಾದವು. ಆದರೆ ಕಡಲಿನ ಉಪ್ಪುಗಾಳಿಯನ್ನು ತಡೆಯುವ ಬಗೆ? ಅದಕ್ಕಾಗಿ ಕ್ಯಾಲಿಫೋರ್ನಿಯದ ಪೈನ್ ಮತ್ತು ಸೈಪ್ರೆಸ್ ಮರಗಳ ಸಾಲುಗಳು ಎದ್ದವು. 1872ರಲ್ಲಿ ಸ್ಮಿತ್ ತೀರಿಕೊಂಡ ಬಳಿಕ ಅವನ ಸೋದರನ ಮಗ ಆ ಕೆಲಸವನ್ನು ಮುಂದುವರಿಸಿದ. ಮರ ಮೊದಲು, ಕತ್ತಾಳೆ ಅನಂತರ ಎಂಬುದೇ ಆ ತೋಟದ ನಿಯಮ.

ಒಂದೂವರೆ ಶತಮಾನದ ಈ ದುಡಿಮೆಗೆ 1987ರ ಜನವರಿಯಲ್ಲಿ ಪೆಟ್ಟು ಬಿತ್ತು. ಅಪರೂಪವಾಗಿ ಆ ದ್ವೀಪಗಳಲ್ಲಿ ಹಿಮ ಸುರಿಯಿತು. ಕೆಲವೇ ದಿನಗಳಲ್ಲಿ ರಸಭರಿತ ಎಲೆಯ ಗಿಡಗಳು ಕಪ್ಪಾಗಿ, ಕೊಳೆತು ನೆಲಕ್ಕೊರಗಿದವು. ಮೂರು ವರ್ಷದ ಬಳಿಕ, 1990ರ ಜನವರಿಯಲ್ಲಿ, ಬಿರುಗಾಳಿಯೆದ್ದು ಕಾವಲು ಮರಗಳನ್ನೇ ಬಹುಪಾಲು ಕೆಡವಿತು. ಗಿಡವೂ ಹೋಯಿತು, ಗಿಡದ ಕಾವಲೂ ಹೋಯಿತು.

ಆದರೆ ತೋಟ ಹಾಳುಬೀಳಲಿಲ್ಲ. ಕ್ಯೂ ಮೊದಲಾದ ಕಡೆಗಳಿಂದ ಹೊಸ ಗಿಡಗಳು ಬಂದವು. ಗಾಳಿತಡೆಯ ಮರಗಳನ್ನು ಮತ್ತೆ ಮೊದಲಿನಿಂದ ನೆಟ್ಟರು. ಆ ಎಳೆಯ ಸಸಿಗಳು ಪೂರ್ಣ ಆಸರೆ ನೀಡುವ ಎತ್ತರಕ್ಕೆ ಬೆಳೆಯಲು ದಶಕಗಳೇ ಬೇಕೆಂಬುದನ್ನು ನೆಟ್ಟವರು ಬಲ್ಲರು.

ಕತ್ತಾಳೆಯ ಸ್ವಭಾವವೂ ಅಂಥದೇ. ಬೆಚ್ಚನೆಯ ನಾಡಿನಲ್ಲಿಯೂ ಅದು ಹೂಬಿಡಲು ಹತ್ತಾರು ವರ್ಷ ಕಾಯಬೇಕು. ಚಳಿಯಲ್ಲಿ ಇನ್ನೂ ಹೆಚ್ಚು. ಕಡೆಗೊಮ್ಮೆ ಇಪ್ಪತ್ತು ಅಡಿಗೂ ಮೀರಿದ ಹೂಗಂಬವನ್ನೆತ್ತಿ, ಅದರಲ್ಲಿಯೇ ತನ್ನ ಸತ್ವವನ್ನೆಲ್ಲ ವ್ಯಯಿಸಿ ತಾನು ಒಣಗಿಹೋಗುತ್ತದೆ. ಅಷ್ಟರಲ್ಲಿ ಅದರ ಬುಡದ ಸುತ್ತ ಮರಿಗಳು ತಲೆಯೆತ್ತಿರುತ್ತವೆ. ನೆಟ್ಟವನು ಹೂವನ್ನು ಕಾಣದಿರಬಹುದು. ತೋಟಕ್ಕೆ ಮಾತ್ರ ಹೂವು ತಪ್ಪದು.