ಬೆಟ್ಟ ಹತ್ತೋ ಮುಂಚೆ ಬ್ರೇಕ್‌ನ ಗಾಳಿ ತೆಗೆಸಿ

ಕೊಳ್ಳೇಗಾಲ, ಹನೂರು ದಾಟಿ ಮಾದಪ್ಪನ ಬೆಟ್ಟಕ್ಕೋ, ಯಳಂದೂರಿಂದ ಬಿಳಿಗಿರಿರಂಗನ ಬೆಟ್ಟಕ್ಕೋ ಕಾರಲ್ಲಿ ಹೋಗ್ತೀರಾ? ಘಾಟಿ ಇಳಿಯುವಾಗ ಎಲ್ಲ ಭಾರ ಬ್ರೇಕ್ ಮೇಲೆ. ಬ್ರೇಕ್ ಆಯಿಲ್ ಒತ್ತಿದರೆ ಕುಗ್ಗಲ್ಲ, ಗಾಳಿ ಕುಗ್ಗುತ್ತೆ. ಒಳಗೆ ಗಾಳಿ ಉಳಿದರೆ ಪೆಡಲ್ ಸ್ಪಂಜಿನಂತೆ ಕೆಳಗಿಳಿಯುತ್ತೆ, ಗಾಡಿ ಬೇಗ ನಿಲ್ಲಲ್ಲ.

ಹೊಸ ಮಾಸ್ಟರ್ ಸಿಲಿಂಡರ್ ಒಳಗೆ ಇರೋದು ಗಾಳಿಯೇ. ಕಾರಿಗೆ ಕೂರಿಸುವ ಮೊದಲೇ ಅದನ್ನು ವೈಸ್‌ನಲ್ಲಿ ಸಮತಟ್ಟಾಗಿ ಹಿಡಿಸಿ, ಹೊಸ ಡಬ್ಬಿಯ ಆಯಿಲ್ ತುಂಬಬೇಕು; ಡಾಟ್ 3 ಅಥವಾ ಡಾಟ್ 4, ಮುಚ್ಚಳದ ಮೇಲೆ ಇರುವುದೇ ಆಗಬೇಕು. ಆಯಿಲ್ ಹೊರಬರುವ ತೂತುಗಳಿಗೆ ಪೈಪ್ ಸಿಕ್ಕಿಸಿ, ತುದಿಗಳನ್ನು ಮೇಲಿನ ಡಬ್ಬಿಯ ಆಯಿಲ್‌ನಲ್ಲೇ ಮುಳುಗಿಸಬೇಕು. ಪಿಸ್ಟನ್ ನಿಧಾನಕ್ಕೆ ಒತ್ತಿ ಬಿಡುತ್ತಿದ್ದರೆ ಗುಳ್ಳೆ ಏಳುತ್ತೆ. ಗುಳ್ಳೆ ಪೂರ್ತಿ ನಿಂತ ಮೇಲೆ ಕೂರಿಸಿ, ಚಕ್ರಗಳಲ್ಲೂ ಗಾಳಿ ತೆಗೀಬೇಕು.

ಗ್ಯಾರೇಜಿನಲ್ಲಿ ಸಂಕೋಚ ಬೇಡ, ಕೇಳಿ: "ಫಿಟ್ ಮಾಡೋ ಮೊದಲು ಗಾಳಿ ತೆಗೆದ್ರಾ?" ಪೆಡಲ್ ಗಟ್ಟಿಯಾಗಿ ನಿಂತರಷ್ಟೇ ಬೆಟ್ಟದ ದಾರಿ ಹಿಡೀರಿ.