ನಾಗಮಂಡಲದಲ್ಲಿ ಅಸಂಗತಿ

ಅಸಂಗತ ನಾಟಕವೆಂಬ ಹೆಸರು ಈಗ ನಮ್ಮ ಸಾಹಿತ್ಯಾಧ್ಯಾಪಕರಲ್ಲಿ ರೂಢವಾಗಿರುತ್ತದೆ. ಜೀವಿತದ ಅಸಂಗತತೆಯನ್ನು ಫ್ರೆಂಚ್ ಲೇಖಕನಾದ ಕಾಮು 1942ರಲ್ಲಿ ತತ್ತ್ವವಾಗಿ ವಿಚಾರಿಸಿದನು. 1950ರಲ್ಲಿ ಅಯನೆಸ್ಕೋವಿನ 'ಬೋಳುತಲೆಯ ಗಾಯಕಿ' ಪ್ಯಾರಿಸಿನಲ್ಲಿ ರಂಗವೇರಿತು. 1961ರಲ್ಲಿ ಎಸ್ಲಿನನೆಂಬ ವಿಮರ್ಶಕನು ಈ ಪಂಥಕ್ಕೆ ಹೆಸರಿಟ್ಟನು. ಅಯನೆಸ್ಕೋವಿನ ಆ ನಾಟಕದಲ್ಲಿ ಒಬ್ಬ ಪುರುಷನೂ ಒಬ್ಬ ಸ್ತ್ರೀಯೂ ಅಪರಿಚಿತರಂತೆ ಸಂಧಿಸಿ, ತಮ್ಮ ಊರು ಒಂದೇ, ಮನೆ ಒಂದೇ, ಹಾಸಿಗೆಯೂ ಒಂದೇ ಎಂಬ ಹೇತುಗಳಿಂದ ತಾವು ದಂಪತಿಗಳೆಂದು ಅನುಮಾನಪ್ರಮಾಣದಿಂದ ನಿಶ್ಚಯಿಸುವರು. ಒಡನೆಯೇ ಮನೆಯ ದಾಸಿಯು ಬಂದು ಆ ಅನುಮಾನವು ಹುಸಿಯೆಂದು ಸಾರುವಳು. ಮದುವೆಯೆಂಬ ಸಂಬಂಧವೇ ಅಲ್ಲಿ ಹಾಸ್ಯಕ್ಕೆ ಗುರಿಯಾಗಿದೆ.

ಇಂಥ ವಸ್ತುವು ನಮ್ಮಲ್ಲಿ ಪರದೇಶದಿಂದ ತಂದದ್ದೇ ಸರಿಯೆ? ಗಿರೀಶ ಕಾರ್ನಾಡರ 'ನಾಗಮಂಡಲ'ವನ್ನು (1988) ಓದಿದವರು ಹಾಗೆನ್ನಲಾರರು. ಎ. ಕೆ. ರಾಮಾನುಜನ್ನರಿಂದ ಕೇಳಿದ ಕನ್ನಡದ ಜನಪದ ಕಥೆಯೇ ಇದಕ್ಕೆ ಮೂಲ. 1997ರಲ್ಲಿ ಟಿ. ಎಸ್. ನಾಗಾಭರಣರು ಇದನ್ನು ಚಲಚ್ಚಿತ್ರವಾಗಿ ನಿರ್ದೇಶಿಸಿದರು. ಕಥೆಯು ಸಂಗ್ರಹವಾಗಿ ಇಂತಿದೆ. ರಾಣಿಯೆಂಬ ಎಳೆಯ ಹೆಂಡತಿಯನ್ನು ಗಂಡನಾದ ಅಪ್ಪಣ್ಣನು ಮನೆಯೊಳಗಿಟ್ಟು ಬೀಗ ಹಾಕಿ, ಮಧ್ಯಾಹ್ನದ ಊಟಕ್ಕೆ ಮಾತ್ರ ಬಂದು, ರಾತ್ರಿಯನ್ನು ಉಪಪತ್ನಿಯಲ್ಲಿ ಕಳೆಯುವನು. ಕುರುಡವ್ವನು ಕೊಟ್ಟ ವಶೀಕರಣದ ಬೇರನ್ನು ರಾಣಿಯು ಸಾರಿಗೆ ಬೆರೆಸಿ, ಅದರ ಬಣ್ಣಕ್ಕೆ ಹೆದರಿ ಹುತ್ತಕ್ಕೆ ಸುರಿಯುವಳು. ಹುತ್ತದ ನಾಗನು ಮೋಹಗೊಂಡು ಗಂಡನ ರೂಪದಲ್ಲಿ ರಾತ್ರಿ ಬರತೊಡಗುವನು. ರಾಣಿಯು ಗರ್ಭಿಣಿಯಾದಾಗ ಗಂಡನು ಅವಳನ್ನು ಪಂಚರ ಮುಂದೆ ನಿಲ್ಲಿಸುವನು.

ಆಲಂಕಾರಿಕರ ದೃಷ್ಟಿಯಿಂದ ಇದನ್ನು ಪರಿಶೀಲಿಸೋಣ. ಮಮ್ಮಟಾದಿಗಳ ಮತದಲ್ಲಿ ಕಾರಣವಿಲ್ಲದೆ ಕಾರ್ಯವು ತೋರಿದರೆ ವಿಭಾವನೆ. ಕಾರಣಗಳೆಲ್ಲ ಇದ್ದೂ ಕಾರ್ಯವಾಗದಿದ್ದರೆ ವಿಶೇಷೋಕ್ತಿ. ಕಾರಣವೊಂದೆಡೆ, ಕಾರ್ಯವೊಂದೆಡೆ ಇದ್ದರೆ ಅಸಂಗತಿ. ಗಂಡನೂ ಮನೆಯೂ ಯೌವನವೂ ಇದ್ದು ದಾಂಪತ್ಯವಿಲ್ಲದಿರುವುದು ವಿಶೇಷೋಕ್ತಿ. ಗಂಡನು ಮುಟ್ಟದೆಯೇ ಗರ್ಭವು ನಿಂತುದು ವಿಭಾವನೆ. ಗಂಡನಿಗಾಗಿ ಬೇಯಿಸಿದ ಬೇರು ನಾಗನಲ್ಲಿ ಫಲಿಸಿದುದು ಅಸಂಗತಿ. ಆಧುನಿಕರ 'ಅಸಂಗತ'ವೂ ನಮ್ಮ 'ಅಸಂಗತಿ'ಯೂ ಒಂದೇ ಶಬ್ದಮೂಲದವುಗಳೆಂಬುದು ಗಮನಾರ್ಹ.

ಆದರೆ ಭೇದವೂ ಉಂಟು. ಅಲಂಕಾರದಲ್ಲಿ ವಿರೋಧವು ಆಭಾಸಮಾತ್ರ. ಸಹೃದಯನು ಗೂಢವಾದ ಕಾರಣವನ್ನು ಕಂಡು ಪರಿಹರಿಸಿಕೊಳ್ಳುವನು. ಫ್ರೆಂಚ್ ನಾಟಕದಲ್ಲಿ ಪರಿಹಾರವೇ ಇಲ್ಲ. ನಾಗಮಂಡಲದಲ್ಲಿ ನೋಡುವವರಿಗೆ ಪರಿಹಾರವಿದೆ, ರಾಣಿಗೆ ಇಲ್ಲ. ಚಿತ್ರದಲ್ಲಿ ಅಪ್ಪಣ್ಣನನ್ನೂ ನಾಗನನ್ನೂ ಪ್ರಕಾಶ್ ರೈ ಒಬ್ಬರೇ ಅಭಿನಯಿಸಿರುವುದರಿಂದ, ಹಗಲಿನ ಕ್ರೌರ್ಯವೂ ಇರುಳಿನ ಅಕ್ಕರೆಯೂ ಒಂದೇ ಮುಖದಿಂದ ಹೊರಡುವುವು. ರಾಣಿಯ ದಿಗ್ಭ್ರಮೆಯು ಪ್ರೇಕ್ಷಕನಿಗೂ ತಟ್ಟುವುದು.

ಇನ್ನು ವ್ಯವಹಾರದ ವಿಚಾರ. ಲಿಖಿತ, ಭುಕ್ತಿ, ಸಾಕ್ಷಿ ಎಂಬ ಪ್ರಮಾಣಗಳಲ್ಲಿ ಒಂದೂ ದೊರೆಯದಿದ್ದಾಗ ಮಾತ್ರ ದಿವ್ಯವೆಂದು ಯಾಜ್ಞವಲ್ಕ್ಯಸ್ಮೃತಿಯು ವಿಧಿಸುತ್ತದೆ. ತುಲಾ, ಅಗ್ನಿ, ಜಲ, ವಿಷ, ಕೋಶ ಎಂದು ಐದು ದಿವ್ಯಗಳನ್ನೂ ಹೇಳುತ್ತದೆ. ಪಂಚರು ಕಾಯ್ದ ಕಬ್ಬಿಣವನ್ನು ಹಿಡಿಯೆನ್ನಲು, ರಾಣಿಯು ನಾಗನ ಸೂಚನೆಯಂತೆ ಹುತ್ತಕ್ಕೆ ಕೈಯಿಕ್ಕಿ, ಗಂಡನನ್ನೂ ಈ ಸರ್ಪವನ್ನೂ ಬಿಟ್ಟು ಅನ್ಯಪುರುಷನನ್ನು ಮುಟ್ಟಿಲ್ಲವೆಂದು ಆಣೆಯಿಡುವಳು. ಅಕ್ಷರಶಃ ಅದು ಸತ್ಯ. ನಾಗನು ಹೆಡೆಯೆತ್ತಿ ನೆರಳು ಮಾಡಲು, ಜನರು ಅವಳನ್ನು ದೇವಿಯೆಂದು ಅಡ್ಡಬೀಳುವರು. ತಾನು ಅವಳನ್ನು ಮುಟ್ಟಿಲ್ಲವೆಂದು ಬಲ್ಲ ಅಪ್ಪಣ್ಣನೂ ಅಡ್ಡಬೀಳುವನು.

ಆದರೆ ಇಲ್ಲಿ ಸಾಕ್ಷಿಯಿರಲಿಲ್ಲವೆ? ಬಾಗಿಲ ಬೀಗವೇ ಸಾಕ್ಷಿಯಾಗಿತ್ತು. ಎಳೆಯ ಹೆಂಡತಿಯನ್ನು ಏಕೆ ಕೂಡಿಹಾಕಿದೆಯೆಂದು ಅಪ್ಪಣ್ಣನನ್ನು ಪಂಚರಲ್ಲಿ ಒಬ್ಬನೂ ಕೇಳುವುದಿಲ್ಲ. ಹಾವು ಮನುಷ್ಯನಾದುದು ಅದ್ಭುತವೇ ಹೊರತು ಅಸಂಗತವಲ್ಲ. ಬೀಗ ಹಾಕಿದವನು ವಾದಿಯಾಗಿ, ಬೀಗದೊಳಗಿದ್ದವಳು ಪ್ರತಿವಾದಿಯಾದುದೇ ಅಸಂಗತವು.

ನಮ್ಮ ಸೀಮೆಯ ಅನುಭವವೂ ಇದಕ್ಕೆ ಪೋಷಕವಾಗಿದೆ. ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳಲ್ಲಿ ನಾಗರಪಂಚಮಿಯು ಮದುವೆಯಾದ ಹೆಣ್ಣುಮಕ್ಕಳು ತವರಿಗೆ ಬರುವ ಹಬ್ಬ. ಅಣ್ಣನು ಕರೆಯಲು ಹೋಗುವನು; ತಂಗಿಯು ಬಂದು ಹುತ್ತಕ್ಕೆ ಹಾಲೆರೆದು ಜೋಕಾಲಿಯಾಡುವಳು. ಅತ್ತೆಮನೆಯಲ್ಲಿ ಆಡಲಾಗದ ಮಾತನ್ನು ಹೆಂಗಸರು ಆ ದಿನದ ಹಾಡುಗಳಲ್ಲಿ ಆಡಿಕೊಳ್ಳುವರು. ಅದೇ ಅಫಜಲಪುರ ತಾಲ್ಲೂಕಿನ ಗಾಣಗಾಪುರದ ದತ್ತಸನ್ನಿಧಿಗೆ, ಭೂತಬಾಧೆಯೆಂದು ಮನೆಯವರು ಕರೆತಂದ ಹೆಂಗಸರನ್ನು ಕಾಣುತ್ತೇವೆ. ಅಂಥವಳ ಮನೆಯಲ್ಲಿ ಏನು ನಡೆಯಿತೆಂದು ಕೇಳುವವರು ವಿರಳ. ಹೆಣ್ಣಿನ ದುಃಖಕ್ಕೆ ಲೋಕವು ಭೂತದ ಹೆಸರಿಡುತ್ತದೆ. ಕಥೆ ಹೇಳುವ ಅಜ್ಜಿಯು ನಾಗನ ಹೆಸರಿಡುತ್ತಾಳೆ. ಎರಡನೆಯದರಲ್ಲಿ ಕರುಣೆಯಿದೆ.

ತರಗತಿಯಲ್ಲಿ ಈ ಕೃತಿಯನ್ನು ಬೋಧಿಸುವಾಗ ರಾಣಿಯು ಪತಿವ್ರತೆಯೋ ಅಲ್ಲವೋ ಎಂಬ ಪ್ರಶ್ನೆಯೇ ಮೊದಲು ಏಳುವುದು. ಅದು ಪಂಚರ ಪ್ರಶ್ನೆ. ಬೀಗದ ಕೈ ಯಾರಲ್ಲಿತ್ತೆಂಬುದನ್ನು ವಿದ್ಯಾರ್ಥಿಗಳು ಮೊದಲು ವಿಚಾರಿಸುವಂತೆ ಮಾಡುವುದು ಅಧ್ಯಾಪಕರ ಕರ್ತವ್ಯವೆಂದು ನಮ್ಮ ವಿನಮ್ರ ಅಭಿಪ್ರಾಯ.