ಕಾಲೂ, ಕಂಪ್ಯೂಟರು ಮತ್ತು ಕನ್ನಡದ ಒತ್ತಕ್ಷರ

ನಾಯಿಗೂ ಕಂಪ್ಯೂಟರಿಗೂ ಏನು ನೆಂಟು ಅಂತ ನೀವು ಕೇಳಬಹುದು. ನಾನೂ ಹಾಗೇ ಕೇಳಿದ್ದೆ. 2025ರ ದಸರಾ ರಜೆಯಲ್ಲಿ ದೆಹಲಿಯ ವಸಂತ್ ಕುಂಜ್‌ನಲ್ಲಿರುವ ಅಕ್ಕನ ಮನೆಗೆ ಹೋಗಿ ಹತ್ತು ದಿನ ಇದ್ದು ಬಂದ ಮೇಲೆ, ಈ ನೆಂಟಸ್ತಿಕೆಯ ಬಗ್ಗೆ ನಮ್ಮ ಸಂಘದ ಪತ್ರಿಕೆಗೆ ನಾಲ್ಕು ಪುಟ ಬರೆಯಲೇಬೇಕು ಅನ್ನಿಸಿತು.

ವಸಂತ್ ಕುಂಜ್ ದೆಹಲಿಯ ನೈಋತ್ಯಕ್ಕಿದೆ. ಒಂದು ಮಗ್ಗುಲಿಗೆ ಅರಾವಳಿ ಬೆಟ್ಟದ ಕುರುಚಲು ಕಾಡು, ಇನ್ನೊಂದು ಕಡೆ ಜವಾಹರಲಾಲ್ ನೆಹರೂ ವಿಶ್ವವಿದ್ಯಾನಿಲಯ, ತಲೆಯ ಮೇಲೆ ವಿಮಾನಗಳು. ದೆಹಲಿ ಅಭಿವೃದ್ಧಿ ಪ್ರಾಧಿಕಾರ ಕಟ್ಟಿಸಿದ ಫ್ಲಾಟುಗಳು ಸಾಲುಸಾಲಾಗಿವೆ. ಅಂಥದೊಂದು ನೆಲಮಹಡಿಯ ಫ್ಲಾಟಿನಲ್ಲಿ ಅಕ್ಕ ಕೆಲಸ ಮಾಡುವ ವಿನ್ಯಾಸದ ಸ್ಟುಡಿಯೋ. ಜನ ನಾಲ್ವರು, ಕಂಪ್ಯೂಟರು ಐದು, ನಾಯಿ ಎರಡು. ಪುಸ್ತಕದ ಮುಖಪುಟ, ಔಷಧದ ಡಬ್ಬಿಯ ಚಿತ್ರ, ಸಭೆ ಸಮಾರಂಭದ ಪೋಸ್ಟರು, ಅಂಗಡಿಯ ಲಾಂಛನ, ಇವೇ ಅವರ ಕೆಲಸ.

ನಾಯಿಗಳಲ್ಲಿ ಒಂದು ಪಗ್. ಹೆಸರು ಲಡ್ಡು. ಇನ್ನೊಂದು ಬೀದಿಯ ಕರಿನಾಯಿ. ಕಾವಲುಗಾರ ಇಟ್ಟ ಹೆಸರು ಕಾಲೂ. ಹಿಂದಿಯಲ್ಲಿ ಅದು ನಮ್ಮ ಕರಿಯ. ಮೊದಲ ದಿನ ಅಕ್ಕ, "ಲೋ, ಕಾಲೂ ತುಳಿಬೇಡ್ವೋ" ಅಂದಳು. ನಾನು ನನ್ನ ಕಾಲು ನೋಡಿಕೊಂಡೆ. "ಯಾರ ಕಾಲು?" ಅಂದೆ. ಅಷ್ಟರಲ್ಲಿ ಮೇಜಿನ ಕೆಳಗಿಂದ ಗುರ್ ಅಂತ ಉತ್ತರ ಬಂತು.

ಗೂಟ ಮತ್ತು ಹಗ್ಗ

ಈ ಕಂಪ್ಯೂಟರಿನಲ್ಲಿ ಚಿತ್ರ ಬರೆಯೋದು ಅಂದರೇನು? ಅಕ್ಕ ನನಗೆ ವಿವರಿಸಿದ್ದು ನಾಯಿಯ ಉದಾಹರಣೆಯಿಂದಲೇ.

ಚಿತ್ರ ಎರಡು ಬಗೆ. ಫೋನಿನಲ್ಲಿ ಕಾಲೂನ ಫೋಟೋ ತೆಗೆದರೆ ಅದು ಚುಕ್ಕಿಗಳ ಚಿತ್ರ. ರಂಗೋಲಿಯ ಹಾಗೆ ಲಕ್ಷಗಟ್ಟಲೆ ಚುಕ್ಕಿ, ಒಂದೊಂದಕ್ಕೂ ಒಂದು ಬಣ್ಣ. ಇದನ್ನು ಗೋಡೆಯಷ್ಟು ದೊಡ್ಡದು ಮಾಡಿದರೆ ಚುಕ್ಕಿಗಳೂ ದೊಡ್ಡದಾಗಿ ನಾಯಿ ಇಟ್ಟಿಗೆ ಜೋಡಿಸಿದ ಹಾಗೆ ಕಾಣುತ್ತದೆ. ಎರಡನೆಯದು ಗೆರೆಯ ಚಿತ್ರ. ಇಲ್ಲಿ ಕಂಪ್ಯೂಟರು ಚುಕ್ಕಿ ನೆನಪಿಟ್ಟುಕೊಳ್ಳುವುದಿಲ್ಲ. ಗೆರೆ ಎಲ್ಲಿ ಶುರು, ಎಲ್ಲಿ ಮುಗಿಯುತ್ತೆ, ನಡುವೆ ಎಷ್ಟು ಬಾಗುತ್ತೆ ಎಂಬ ಲೆಕ್ಕವನ್ನು ಮಾತ್ರ ಇಟ್ಟುಕೊಳ್ಳುತ್ತದೆ. ಅಂಚೆಚೀಟಿಯಷ್ಟಾದರೂ ಮಾಡಿ, ಬಸ್ಸಿನಷ್ಟಾದರೂ ಮಾಡಿ, ಲೆಕ್ಕ ಅದೇ. ಗೆರೆ ನುಣುಪಾಗಿಯೇ ಇರುತ್ತದೆ.

ಬಾಗು ಹೇಗೆ ಬರುತ್ತದೆ? ನೆಲದಲ್ಲಿ ಎರಡು ಗೂಟ ಹೊಡೆಯಿರಿ. ಒಂದೊಂದು ಗೂಟಕ್ಕೂ ಒಂದು ಹಗ್ಗ ಕಟ್ಟಿ. ನಾಯಿ ಹಗ್ಗ ಎಳೆದ ದಿಕ್ಕಿಗೆ ಗೆರೆ ವಾಲುತ್ತದೆ. ಹೆಚ್ಚು ಎಳೆದರೆ ಹೆಚ್ಚು ಬಾಗು, ಸಡಿಲ ಬಿಟ್ಟರೆ ಗೆರೆ ನೆಟ್ಟಗೆ. ಇದಕ್ಕೆ ಬೆಝಿಯರ್ ವಕ್ರರೇಖೆ ಎಂದು ಹೆಸರು. ಪಿಯರ್ ಬೆಝಿಯರ್ ಎಂಬ ಫ್ರೆಂಚ್ ಎಂಜಿನಿಯರು 1960ರ ದಶಕದಲ್ಲಿ ರೆನೋ ಕಾರಿನ ಮೈಮಾಟ ಬರೆಯಲು ಬಳಸಿದ ಗಣಿತ ಇದು. ಅವನಿಗಿಂತ ತುಸು ಮೊದಲೇ, 1959ರ ಹೊತ್ತಿಗೆ, ಸಿಟ್ರೊಯೆನ್ ಕಂಪೆನಿಯ ಪೋಲ್ ದ ಕಾಸ್ತೆಲ್ಜೊ ಇದೇ ದಾರಿ ಕಂಡುಕೊಂಡಿದ್ದ. ಆದರೆ ಕಂಪೆನಿ ಅದನ್ನು ಗುಟ್ಟಾಗಿ ಇಟ್ಟಿದ್ದರಿಂದ ಹೆಸರು ಬೆಝಿಯರನದಾಯಿತು. ಕಾರಿಗೆಂದು ಹುಟ್ಟಿದ ಗಣಿತ ಇವತ್ತು ನಮ್ಮ 'ಠ'ಕಾರದ ಹೊಟ್ಟೆಯನ್ನೂ ದುಂಡಗೆ ಮಾಡುತ್ತಿದೆ.

ನಾಯಿಯ ಹಳೆಯ ನೌಕರಿ

ವಿನ್ಯಾಸದ ಲೋಕದಲ್ಲಿ ನಾಯಿ ಹೊಸಬನಲ್ಲ. ಹಳೆಯ ಗ್ರಾಮಫೋನ್ ತಟ್ಟೆಯ ಮೇಲೆ ಕೊಳವೆಗೆ ಕಿವಿಗೊಟ್ಟು ಕೂತ ನಾಯಿಯನ್ನು ನಮ್ಮ ಅಜ್ಜಂದಿರೆಲ್ಲ ಬಲ್ಲರು. ಅದರ ಹೆಸರು ನಿಪ್ಪರ್. ಅದು ಸತ್ತದ್ದು 1895ರಲ್ಲಿ. ಆಮೇಲೆ ಚಿತ್ರಗಾರ ಫ್ರಾನ್ಸಿಸ್ ಬರೋ ನೆನಪಿನಿಂದ ಬರೆದ ಚಿತ್ರದಲ್ಲಿ ಮೊದಲು ಇದ್ದದ್ದು ಬೇರೆ ಯಂತ್ರ. 1899ರಲ್ಲಿ ಗ್ರಾಮಫೋನ್ ಕಂಪೆನಿಯವರು ಚಿತ್ರ ಕೊಂಡಾಗ, ಆ ಯಂತ್ರದ ಮೇಲೆಯೇ ಬಣ್ಣ ಬಳಿದು ತಮ್ಮ ಯಂತ್ರವನ್ನು ಬರೆಸಿದರು. ನಾಯಿ ಮಾತ್ರ ಅದೇ.

ಕಂಪ್ಯೂಟರಿನೊಳಗೂ ಒಂದು ನಾಯಿ ಇತ್ತು. 1984ರ ಮ್ಯಾಕಿಂಟಾಷ್ ಕಂಪ್ಯೂಟರಿನ 'ಕೈರೋ' ಎಂಬ ಚಿತ್ರಾಕ್ಷರ ಮಾಲೆಯಲ್ಲಿ ಸೂಸನ್ ಕೇರ್ ಎಂಬಾಕೆ ಚುಕ್ಕಿಗಳಿಂದ ಒಂದು ಪುಟ್ಟ ನಾಯಿ ಬರೆದಿದ್ದಳು. ಅದು ನಾಯಿಯೋ ಹಸುವೋ ಹೇಳುವುದು ಕಷ್ಟ. ಅದಕ್ಕೇ ಅಲ್ಲಿನವರು 'ನಾಯಿಹಸು' ಅಂತಲೇ ಕರೆದರು. ಅದರ ಕೂಗು 'ಮೂಫ್' ಅಂತೆ: ಅರ್ಧ ಅಂಬಾ, ಅರ್ಧ ಬೌ. ತಮಾಷೆ ಅನ್ನಿಸಬಹುದು, ಆದರೆ ಅದು ಸೋಮಾರಿಯಲ್ಲ. ಕಾಗದ ಅಚ್ಚು ಹಾಕುವ ಮೊದಲು ತೆರೆಯ ಮೇಲೆ ಈ ಪ್ರಾಣಿ ನಿಲ್ಲುತ್ತಿತ್ತು. ಪುಟ ಅಡ್ಡ ತಿರುಗಿಸಿದರೆ ಅದೂ ತಿರುಗುತ್ತಿತ್ತು. ಕನ್ನಡಿಯ ಬಿಂಬ ಬೇಕೆಂದರೆ ಎಡದ ಮೂತಿ ಬಲಕ್ಕೆ ಹೋಗುತ್ತಿತ್ತು. ಅಕ್ಷರ ಓದಲು ಬಾರದವನಿಗೂ ಪುಟ ಹೇಗೆ ಬರುತ್ತೆ ಅಂತ ಅದು ತೋರಿಸುತ್ತಿತ್ತು. ಒಳ್ಳೆಯ ವಿನ್ಯಾಸ ಅಂದರೆ ಅದೇ ಅಲ್ಲವೇ?

ಅಮೆಜಾನ್ ಕಂಪೆನಿಯ ಆರಂಭದ ದಿನಗಳಲ್ಲಿ ರೂಫಸ್ ಎಂಬ ಕುಳ್ಳು ನಾಯಿ ಕಚೇರಿಗೆ ಬರುತ್ತಿತ್ತು. ಹೊಸ ಪುಟ ಶುರು ಮಾಡುವಾಗ ಅದರ ಪಾದ ಹಿಡಿದು ಮೌಸಿನ ಗುಂಡಿ ಒತ್ತಿಸುತ್ತಿದ್ದರಂತೆ. ನಾವು ಆಯುಧಪೂಜೆಯಲ್ಲಿ ನಿಂಬೆಹಣ್ಣು ಇಡುತ್ತೇವಲ್ಲ, ಹಾಗೆ.

ನಮ್ಮಲ್ಲೂ ಒಬ್ಬರಿದ್ದರು. ಮೂಡಿಗೆರೆಯ ಪೂರ್ಣಚಂದ್ರ ತೇಜಸ್ವಿ. ಕಿವಿ ಎಂಬ ನಾಯಿಯನ್ನು 'ಕರ್ವಾಲೊ' ಕಾದಂಬರಿಯಲ್ಲೂ 'ಪರಿಸರದ ಕತೆ'ಯಲ್ಲೂ ಅಜರಾಮರ ಮಾಡಿದವರು. ಚಿತ್ರ, ಫೋಟೋ, ಗಾಳದ ನಡುವೆಯೇ ಕಂಪ್ಯೂಟರಿನಲ್ಲಿ ಕನ್ನಡ ಸರಿಯಾಗಿ ಮೂಡಬೇಕೆಂದು, ಅದಕ್ಕೆ ನಮ್ಮದೇ ತಂತ್ರಾಂಶ ಬೇಕೆಂದು ದನಿಯೆತ್ತಿದವರೂ ಅವರೇ. ನಾಯಿ, ಯಂತ್ರ, ನಗು ಮೂರೂ ಒಂದೇ ಮನೆಯಲ್ಲಿ ಇರಬಹುದು ಎಂಬುದಕ್ಕೆ ಅಷ್ಟು ದೂರದ ದೆಹಲಿಗೆ ಹೋಗಬೇಕಾಗಿರಲಿಲ್ಲ.

ಪಗ್ ಕಲಿಸಿದ ಪಾಠ

ಲಡ್ಡುವಿನ ಕತೆ ಬೇರೆ. 2003ರಲ್ಲಿ ಹಚ್ ಫೋನ್ ಕಂಪೆನಿಯ ಜಾಹೀರಾತು ಬಂತು. ಒಬ್ಬ ಹುಡುಗ ಎಲ್ಲಿ ಹೋದರೂ ಒಂದು ಪಗ್ ಹಿಂದೆಯೇ ಹೋಗುತ್ತದೆ. ಮಾತು ಕಡಿಮೆ, ಅರ್ಥ ಸ್ಪಷ್ಟ. ದೇಶವೆಲ್ಲ ಮೆಚ್ಚಿತು. ಮೆಚ್ಚಿದವರಲ್ಲಿ ಬಹಳ ಮಂದಿ ಪಗ್ಗನ್ನೇ ಕೊಂಡರು. ಆದರೆ ಪಗ್ಗಿನದು ಚಪ್ಪಟೆ ಮೂತಿ, ಉಸಿರಿನ ದಾರಿ ಇಕ್ಕಟ್ಟು. ನಾಯಿಗೆ ನಮ್ಮ ಹಾಗೆ ಮೈತುಂಬ ಬೆವರು ಬರುವುದಿಲ್ಲ. ನಾಲಗೆ ಚಾಚಿ ತೇಕಿಯೇ ಮೈ ತಂಪು ಮಾಡಿಕೊಳ್ಳಬೇಕು. ದೆಹಲಿಯ 45 ಡಿಗ್ರಿ ಬಿಸಿಲಿನಲ್ಲಿ ಪಗ್ಗಿಗೆ ಇದು ಪ್ರಾಣಸಂಕಟ. ಲಡ್ಡುವನ್ನು ಸಾಕಿದ್ದವರು ಊರು ಬಿಡುವಾಗ ಬಿಟ್ಟು ಹೋದರಂತೆ. ಸ್ಟುಡಿಯೋದವರು ತಂದುಕೊಂಡರು. ಈಗ ಬೇಸಿಗೆಯಲ್ಲಿ ಕೂಲರಿನ ಎದುರಿನ ಜಾಗ ಅದರದೇ. ಅಕ್ಕ ಹೇಳಿದಳು: "ಚಿತ್ರ ಬರೆಯೋದು ನಮ್ಮ ಕೈಲಿರುತ್ತೆ ಕಣೋ. ಅದು ಹೊರಗೆ ಹೋದ್ಮೇಲೆ ಏನು ಮಾಡುತ್ತೆ ಅನ್ನೋದು ಇರಲ್ಲ."

ಯಂತ್ರಕ್ಕೆ ಕಾಣದ ನಾಯಿ

ಈಗ ಚಿತ್ರ ಗುರುತಿಸುವ, ಚಿತ್ರ ಬರೆಯುವ ಯಂತ್ರಬುದ್ಧಿ ಬಂದಿದೆ. ಇದು ಕಲಿಯುವುದು ಉದಾಹರಣೆಗಳಿಂದ. ಇಂಥ ಯಂತ್ರಗಳನ್ನು ಪರೀಕ್ಷಿಸಲು 2012ರ ಸುಮಾರಿಗೆ ಎಲ್ಲರೂ ಬಳಸುತ್ತಿದ್ದ 'ಇಮೇಜ್‌ನೆಟ್' ಸ್ಪರ್ಧೆಯ ಚಿತ್ರರಾಶಿಯಲ್ಲಿ 1000 ವರ್ಗಗಳಿದ್ದವು. ಅವುಗಳಲ್ಲಿ ಸುಮಾರು 120 ಬರೀ ನಾಯಿಯ ತಳಿಗಳು! ಹೀಗಾಗಿ 2015ರಲ್ಲಿ ಗೂಗಲ್‌ನವರು ಅಂಥ ಯಂತ್ರಕ್ಕೆ ಮೋಡದ ಚಿತ್ರ ತೋರಿಸಿ, ನಿನಗೆ ಕಂಡದ್ದನ್ನು ಇನ್ನೂ ಎದ್ದು ಕಾಣಿಸು ಎಂದಾಗ, ಮೋಡದಲ್ಲೆಲ್ಲ ನಾಯಿಯ ಮೂತಿ, ನಾಯಿಯ ಕಣ್ಣು ಮೂಡಿದವು. ಕಲಿತದ್ದನ್ನೇ ತಾನೇ ಕಾಣುವುದು?

ಆ 120ರಲ್ಲಿ ಪಗ್ ಇದೆ, ಲ್ಯಾಬ್ರಡಾರ್ ಇದೆ. ನಮ್ಮ ಬೀದಿನಾಯಿ ಇಲ್ಲ. ಅಂದರೆ ಲಡ್ಡುಗೆ ಅಲ್ಲಿ ಹೆಸರಿದೆ, ಕಾಲೂಗೆ ಇಲ್ಲ.

ಕನ್ನಡಕ್ಕೂ ಇದೇ ಗತಿ ಬಂದಿತ್ತು. ಯೂನಿಕೋಡ್ ಎಂಬ ಜಾಗತಿಕ ವ್ಯವಸ್ಥೆ 1991ರಲ್ಲಿ ಬಂದಾಗ ಕನ್ನಡಕ್ಕೆ 128 ಮನೆಗಳ ಒಂದು ಕೇರಿ ಸಿಕ್ಕಿತು. ಆದರೆ ಒತ್ತಕ್ಷರಗಳಿಗೆ ಅಲ್ಲಿ ಪ್ರತ್ಯೇಕ ಮನೆ ಇಲ್ಲ. 'ಸ್ತ್ರೀ' ನಮ್ಮ ಕಣ್ಣಿಗೆ ಒಂದೇ ಅಕ್ಷರ. ಕಂಪ್ಯೂಟರಿನ ಹೊಟ್ಟೆಯಲ್ಲಿ ಅದು ಆರು ತುಂಡು: ಸ, ಹಲಂತ, ತ, ಹಲಂತ, ರ, ದೀರ್ಘ ಈಕಾರ. ಇವನ್ನು ಜೋಡಿಸಿ ಒತ್ತಿನ ರೂಪ ಕೊಡುವ ನಿಯಮಗಳು ಅಕ್ಷರಮಾಲೆಯ ಒಳಗೆ ಇರಬೇಕು, ಅವನ್ನು ಪಾಲಿಸುವ ಬುದ್ಧಿ ತಂತ್ರಾಂಶಕ್ಕೆ ಇರಬೇಕು. ಎರಡರಲ್ಲಿ ಒಂದು ತಪ್ಪಿದರೂ ಅಕ್ಷರ ಒಡೆಯುತ್ತದೆ.

ನಾನಿದ್ದಾಗಲೇ ಇದು ನಡೆಯಿತು. ರಾಜ್ಯೋತ್ಸವಕ್ಕೆಂದು ದೆಹಲಿಯ ಕನ್ನಡಿಗರೊಬ್ಬರು ಪೋಸ್ಟರ್ ಮಾಡಿಸಿದರು. ಪಂಜಾಬಿ ಸಹೋದ್ಯೋಗಿ ಬಹಳ ಚೆಂದ ಬಣ್ಣ ತುಂಬಿದ್ದ. ಕಡತದ ಹೆಸರು 'ಫೈನಲ್', ಆಮೇಲೆ 'ಫೈನಲ್ ಎರಡು', ಕೊನೆಗೆ 'ದೇವರಾಣೆ ಫೈನಲ್'. ನೋಡಿದರೆ 'ಕರ್ನಾಟಕ'ದ ಅರ್ಕಾವತ್ತು ಕಿತ್ತು ಬಂದು, ರ್ ಬೇರೆ, ನಾ ಬೇರೆ ನಿಂತಿವೆ! ಕನ್ನಡ ಬಾರದ ಅವನ ಕಣ್ಣಿಗೆ ಎಲ್ಲವೂ ಸರಿಯಾಗಿಯೇ ಇತ್ತು. ಅಕ್ಕ ತಂತ್ರಾಂಶದಲ್ಲಿ ಭಾರತೀಯ ಲಿಪಿಗಳ ಜೋಡಣೆಯ ಆಯ್ಕೆ ತಿರುಗಿಸಿದಳು. ಅರ್ಕಾವತ್ತು ತನ್ನ ಜಾಗಕ್ಕೆ ಓಡಿ ಬಂತು. "ನೋಡಿದ್ಯಾ, ಕೂಗಿದ್ರೆ ಬರುತ್ತೆ. ಕೂಗೋರು ಇರ್ಬೇಕು ಅಷ್ಟೆ" ಅಂದಳು.

ಹಿಂದೆ ನಮ್ಮ ಸಂಘದ ಹಿರಿಯರು ಮೇಣದ ಹಾಳೆಯ ಮೇಲೆ ಕೈಯಿಂದ ಗೀಚಿ ಸೈಕ್ಲೋಸ್ಟೈಲ್ ಮಾಡುತ್ತಿದ್ದಾಗ ಒತ್ತಕ್ಷರಕ್ಕೆ ಯಾರ ಅಪ್ಪಣೆಯೂ ಬೇಕಿರಲಿಲ್ಲ. ಕೈಗೆ ಮಸಿ ಹತ್ತುತ್ತಿತ್ತು, ಅಕ್ಷರ ಮಾತ್ರ ಒಡೆಯುತ್ತಿರಲಿಲ್ಲ. ಈಗ ಕೈ ಸ್ವಚ್ಛ. ಕಣ್ಣು ಎಚ್ಚರವಾಗಿರಬೇಕು.

ಹನ್ನೊಂದು ದಿನ

ಕಾಲೂನ ಕತೆ ಹೇಳದೆ ಮುಗಿಸಲಾರೆ. 2025ರ ಆಗಸ್ಟ್ 11ರಂದು ಸುಪ್ರೀಂ ಕೋರ್ಟು ದೆಹಲಿ ಮತ್ತು ಸುತ್ತಲಿನ ಬೀದಿನಾಯಿಗಳನ್ನೆಲ್ಲ ಹಿಡಿದು ಆಶ್ರಯಗಳಿಗೆ ಸಾಗಿಸಬೇಕು, ಮತ್ತೆ ಬೀದಿಗೆ ಬಿಡಬಾರದು ಎಂದು ಆದೇಶಿಸಿತು. ಇದಕ್ಕೆ ಕಾರಣ ಸಣ್ಣದಲ್ಲ. ನಾಯಿ ಕಡಿತ, ರೇಬೀಸ್, ಮಕ್ಕಳ ಪ್ರಾಣ. ರೇಬೀಸಿನ ಲಕ್ಷಣ ಒಮ್ಮೆ ಕಾಣಿಸಿಕೊಂಡರೆ ಬದುಕುವುದು ಇಲ್ಲವೆಂದೇ ಹೇಳಬೇಕು. ಆದ್ದರಿಂದ ಕಡಿತವಾದ ತಕ್ಷಣ ಗಾಯವನ್ನು ಸೋಪು ನೀರಿನಲ್ಲಿ ಹದಿನೈದು ನಿಮಿಷ ತೊಳೆದು ಲಸಿಕೆಗೆ ಓಡಬೇಕು. ಇದನ್ನು ಎಲ್ಲರೂ ನೆನಪಿಡಿ.

ಆದರೆ ಆ ದಿನ ಸ್ಟುಡಿಯೋದಲ್ಲಿ ಯಾರಿಗೂ ಕೆಲಸ ಸಾಗಲಿಲ್ಲವಂತೆ. ಕಾಲೂ ಯಾರ ನಾಯಿ? ರಾತ್ರಿ ಕಾವಲುಗಾರನ ಜತೆ, ಬೆಳಿಗ್ಗೆ ಹಾಲಿನವನ ಹಿಂದೆ, ಹಗಲು ಅಕ್ಕನ ಮೇಜಿನ ಕೆಳಗೆ. ಎಲ್ಲರದೂ ಹೌದು, ಕಾಗದದಲ್ಲಿ ಯಾರದೂ ಅಲ್ಲ. ಸಂತಾನಶಸ್ತ್ರ ಆಗಿದೆ ಎಂಬುದಕ್ಕೆ ಅದರ ಕಿವಿಯ ತುದಿಯಲ್ಲಿ ಕಚ್ಚು ಮಾತ್ರ ಇತ್ತು. ನಾಲ್ವರೂ ಕೂತು ಅದಕ್ಕೊಂದು ಬಿಲ್ಲೆ ವಿನ್ಯಾಸ ಮಾಡಿದರು: ಹೆಸರು, ಲಸಿಕೆಯ ತಾರೀಖು, ಸ್ಟುಡಿಯೋದ ಫೋನು. ಅಕ್ಕ ಹಿಂದಿಯ ಜತೆ ಕನ್ನಡದಲ್ಲೂ 'ಕಾಲೂ' ಎಂದು ಬರೆದಳು. ಅಲ್ಲಿ ಯಾರು ಓದುತ್ತಾರೆ? "ನಾನು ಓದ್ತೀನಲ್ಲ" ಅಂದಳಂತೆ.

ಆಗಸ್ಟ್ 22ರಂದು ಕೋರ್ಟಿನ ಮೂವರು ನ್ಯಾಯಮೂರ್ತಿಗಳ ಪೀಠ ಆದೇಶ ಬದಲಿಸಿತು. ಶಸ್ತ್ರಚಿಕಿತ್ಸೆ, ಲಸಿಕೆ ಆದ ನಾಯಿಗಳನ್ನು ಹಿಡಿದ ಜಾಗಕ್ಕೇ ಬಿಡಬೇಕು. ರೇಬೀಸ್ ಇರುವ, ಮೇಲೆ ಬೀಳುವ ನಾಯಿಗಳನ್ನು ಬಿಡಬಾರದು. ಊಟ ಹಾಕಲು ನಿಗದಿಯಾದ ಜಾಗ ಇರಬೇಕು. ನವೆಂಬರ್ 7ರಂದು ಶಾಲೆ, ಆಸ್ಪತ್ರೆ, ಬಸ್ ಹಾಗೂ ರೈಲು ನಿಲ್ದಾಣದಂಥ ಕಡೆಗಳಿಂದ ನಾಯಿಗಳನ್ನು ತೆಗೆದು, ಅಲ್ಲಿಗೇ ಮರಳಿ ಬಿಡಬಾರದು ಎಂಬ ಇನ್ನೊಂದು ಆದೇಶವೂ ಬಂತು. ಕಾಲೂ ಇರುವುದು ಮನೆಗಳ ನಡುವೆ. ಬಿಲ್ಲೆ ಈಗಲೂ ಕೊರಳಲ್ಲೇ ಇದೆ.

ಇದರಲ್ಲಿ ಪೂರ್ತಿ ಸರಿ ಯಾರು ಎಂದು ಹೇಳುವಷ್ಟು ದೊಡ್ಡವನು ನಾನಲ್ಲ. ಕಡಿಸಿಕೊಂಡ ಮಗುವಿನ ತಾಯಿಯ ಭಯವೂ ನಿಜ, ಮೇಜಿನ ಕೆಳಗಿನ ಬಾಲದ ಬಡಿತವೂ ನಿಜ. ಆದರೆ ಒಂದು ಮಾತು ನನಗೆ ತಿಳಿಯಿತು. ನಾಯಿಯಾಗಲಿ ಅಕ್ಷರವಾಗಲಿ, ಯಂತ್ರದ ಪಟ್ಟಿಯಲ್ಲಿ ಹೆಸರಿಲ್ಲದಿದ್ದರೆ ಅದಕ್ಕೆ ಹೆಸರು ಕೊಡುವ ಕೆಲಸ ಹತ್ತಿರ ಇದ್ದವರದು.

ರೈಲು ಹತ್ತುವ ದಿನ ಕಾಲೂ ಗೇಟಿನವರೆಗೆ ಬಂತು. "ಹೋಗಿ ಬರ್ತೀನಿ ಕಾಲೂ" ಅಂದೆ. ನನ್ನ ಎರಡು ಕಾಲು, ಅದರ ನಾಲ್ಕು ಕಾಲು. ಅಕ್ಕ ನಕ್ಕಳು. ಕಾವಲುಗಾರನಿಗೆ ಮಾತ್ರ ನಗುವಿನ ಕಾರಣ ತಿಳಿಯಲಿಲ್ಲ.